ಮಂಡಿ ನೋವು ಅಂತ ಕೂತ್ಬಿಡಬೇಡಿ, ಕೂತು ಏಳೋದನ್ನೇ ಅಭ್ಯಾಸ ಮಾಡಿ: ಓದುಗರ ಪ್ರಶ್ನೆ, ಫಿಸಿಯೋ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮಂಡಿ ನೋವಿನದ್ದೇ ಜಾಸ್ತಿ, ಅದಕ್ಕೇ ಇಡೀ ಕಾಲಂ ಅದಕ್ಕೇ ಇಟ್ಟಿದೀನಿ. ಕೂರೋದು, ಏಳೋದು, ಮೆಟ್ಟಿಲು ಇಳಿಯೋದು, ನೆಲದಿಂದ ಮೇಲೇಳೋದು, ಹೀಗೆ ದಿನಾ ಮಾಡೋ ಕೆಲಸದಲ್ಲೇ ನೋವು ಅಂತ ಬರೆದಿದೀರಿ, ಹಾಗಾಗಿ ವ್ಯಾಯಾಮಾನೂ ಆ ಕೆಲಸಗಳಿಂದಲೇ ಹುಟ್ಟಬೇಕು ಅನ್ನೋದು ನನ್ನ ಅಭಿಪ್ರಾಯ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 58 ವರ್ಷ. ಕೂತಲ್ಲಿಂದ ಏಳೋವಾಗ ಎರಡೂ ಮಂಡಿ ಹಿಡ್ಕೊಂಡ ಹಾಗಾಗತ್ತೆ, ಕೈ ಊರದೆ ಏಳಕ್ಕೇ ಆಗಲ್ಲ. ಎಕ್ಸ್‌ರೇ ತೆಗೆಸಿದ್ವಿ, ಮಂಡಿ ಸವೆದಿದೆ ಅಂದ್ರು. ಮನೇಲಿ ಎಲ್ರೂ ಜಾಸ್ತಿ ಓಡಾಡ್ಬೇಡ, ಇರೋದನ್ನ ಉಳಿಸ್ಕೋ ಅಂತಾರೆ. ವ್ಯಾಯಾಮ ಮಾಡಿದ್ರೆ ಸವೆದಿರೋದು ಇನ್ನೂ ಸವೆಯಲ್ವಾ?

ಉತ್ತರ: ಅಮ್ಮಾ, ಮನೆಯವರು ಪ್ರೀತಿಯಿಂದಲೇ ಹೇಳ್ತಿದಾರೆ, ಆದ್ರೆ ಆ ಸಲಹೆ ನಿಮ್ಮ ಮಂಡಿಗೆ ಒಳ್ಳೇದು ಮಾಡಲ್ಲ. ಮೂಳೆಯ ತುದಿಗೆ ಹೊದಿಸಿದ ಹಾಗೆ ಇರೋ ಕಾರ್ಟಿಲೇಜ್‌ಗೆ ತನ್ನದೇ ರಕ್ತನಾಳ ಇಲ್ಲ, ಅದಕ್ಕೆ ಬೇಕಾದ ಪೋಷಣೆ ಎಲ್ಲ ಬರೋದು ಮುಖ್ಯವಾಗಿ ಕೀಲಿನ ಒಳಗಿರೋ ದ್ರವದಿಂದ. ಭಾರ ಬಿದ್ದಾಗ ದ್ರವ ಹೊರಗೆ ಹೋಗತ್ತೆ, ಭಾರ ತೆಗೆದಾಗ ಮತ್ತೆ ಒಳಗೆ ಎಳ್ಕೊಳ್ಳತ್ತೆ, ಸ್ಪಂಜು ಹಿಂಡಿ ಬಿಟ್ಟ ಹಾಗೆ. ಅಲ್ಲಾಡಿಸದೇ ಇಟ್ಟ ಮಂಡಿಗೆ ಈ ಹಿಂಡೋದು ಬಿಡೋದು ಯಾವುದೂ ಸಿಗಲ್ಲ. ಅಳತೆ ಮೀರದ ಭಾರ ಮಂಡಿಗೆ ಬೇಕು, ಅದು ಸಿಗದಿದ್ರೇನೇ ತೊಂದರೆ ಜಾಸ್ತಿ.

ಎಕ್ಸ್‌ರೇ ಬಗ್ಗೆನೂ ಒಂದು ಮಾತು. ಎಕ್ಸ್‌ರೇಲಿ ಕಾಣೋ ಸವೆತಕ್ಕೂ ನೋವಿಗೂ ಲೆಕ್ಕ ತಾಳೆ ಆಗಲೇಬೇಕು ಅಂತ ಇಲ್ಲ. ತುಂಬ ಸವೆದಿರೋ ಮಂಡಿ ಇಟ್ಕೊಂಡು ಆರಾಮಾಗಿ ಓಡಾಡೋರು ಇದಾರೆ, ಎಕ್ಸ್‌ರೇ ಚೆನ್ನಾಗಿದ್ದೂ ನೋವಲ್ಲಿ ಒದ್ದಾಡೋರೂ ಇದಾರೆ. ಸವೆತವನ್ನ ವ್ಯಾಯಾಮ ವಾಪಸ್ ತುಂಬಿಸಲ್ಲ, ಅದು ನಿಜ, ಆದ್ರೆ ನೋವು ಮತ್ತು ಓಡಾಟ ಎರಡೂ ಸುಧಾರಿಸಬಹುದು ಅನ್ನೋದೂ ಅಷ್ಟೇ ನಿಜ.

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇರೋದು ತೊಡೆ ಮುಂಭಾಗದ ಸ್ನಾಯು ಮೇಲೆ, ಕ್ವಾಡ್ರಿಸೆಪ್ಸ್ ಅಂತಾರಲ್ಲ, ನಾಲ್ಕು ಭಾಗ ಸೇರಿ ಆಗಿರೋದು, ಮಂಡಿಚಿಪ್ಪಿನ ಮೇಲೆ ಹಾದು ಕೆಳಗಿನ ಮೂಳೆಗೆ ಅಂಟ್ಕೊಳ್ಳತ್ತೆ. ಕುರ್ಚಿಯಿಂದ ನಿಮ್ಮನ್ನ ಎಬ್ಬಿಸೋದರಲ್ಲಿ ದೊಡ್ಡ ಪಾಲು ಇದರದ್ದೇ, ಪೃಷ್ಠದ ಸ್ನಾಯು ಜೊತೆಗೆ ಕೈ ಜೋಡಿಸತ್ತೆ. ಮಂಡಿ ನೋತ್ರೆ ಅಥವಾ ಊದಿದ್ರೆ ನರಗಳೇ ಈ ಸ್ನಾಯುಗೆ ಪೂರ್ತಿ ಕೆಲಸ ಮಾಡಬೇಡ ಅಂತ ತಡೆ ಹಾಕ್ಬಿಡ್ತಾವೆ, ನಾವೂ ನೋವು ಅಂತ ಬಳಸೋದು ಕಮ್ಮಿ ಮಾಡ್ತೀವಿ, ಸ್ನಾಯು ಸೊರಗತ್ತೆ, ಸೊರಗಿದ ಮೇಲೆ ಅದು ಹೊರಬೇಕಿದ್ದ ಭಾರ ಕೀಲಿಗೆ ಬೀಳತ್ತೆ, ಮತ್ತೆ ನೋವು. ನೀವು ಸಿಕ್ಕಾಕೊಂಡಿರೋದು ಈ ಸುತ್ತಲ್ಲಿ.

ಆದ್ದರಿಂದ ನಿಮಗೆ ನಾನು ಕೊಡೋ ಮೊದಲನೇ ವ್ಯಾಯಾಮ ಏಳೋದು ಕೂರೋದೇ. ಕೈ ಇಲ್ಲದ ಗಟ್ಟಿ ಕುರ್ಚಿ ತಗೊಂಡು ಗೋಡೆಗೆ ಒತ್ತಿ ಇಡಿ, ಜಾರಬಾರದು. ಮೇಲೆ ಒಂದೋ ಎರಡೋ ದಿಂಬು ಹಾಕಿ ಎತ್ತರ ಮಾಡ್ಕೊಳ್ಳಿ, ಕೂತಾಗ ಸೊಂಟ ಮಂಡಿಗಿಂತ ಮೇಲಿರಬೇಕು. ಕುರ್ಚಿಯ ಮುಂದಿನ ಅಂಚಿಗೆ ಸರೀರಿ, ಪಾದಗಳನ್ನ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳ್ಕೊಳ್ಳಿ, ಹಿಮ್ಮಡಿ ನೆಲ ಬಿಡಬಾರದು. ಇನ್ನು ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರೋವಷ್ಟು ಬಾಗಬೇಕು, ತುಂಬ ಜನ ಇಲ್ಲೇ ತಪ್ಪು ಮಾಡೋದು, ಬೆನ್ನು ನೆಟ್ಟಗೆ ಇಟ್ಕೊಂಡು ನೇರ ಮೇಲೇಳಕ್ಕೆ ನೋಡ್ತಾರೆ, ಆಗ ಭಾರ ಎಲ್ಲ ಮಂಡಿ ಮೇಲೆ ಬೀಳತ್ತೆ. ಬಾಗಿದಾಗ ಪೃಷ್ಠ ತಾನಾಗೇ ಹಗುರಾಗಿ ಕುರ್ಚಿ ಬಿಡತ್ತೆ, ಆ ಕ್ಷಣದಲ್ಲಿ ಪಾದದಿಂದ ನೆಲವನ್ನ ಒತ್ತಿ ಎದ್ದೇಳಿ. ಮಂಡಿಗಳು ಒಂದಕ್ಕೊಂದು ಹತ್ತಿರ ಬರದೇ ಪಾದದ ಎರಡನೇ ಬೆರಳಿನ ನೇರಕ್ಕೆ ಇರಲಿ. ಎದ್ದು ಪೂರ್ತಿ ನೇರ ನಿಂತ್ಕೊಂಡು, ಆಮೇಲೆ ಮನಸ್ಸಲ್ಲೇ ಒಂದರಿಂದ ನಾಲ್ಕು ಎಣಿಸ್ತಾ ನಿಧಾನಕ್ಕೆ ಕೂರಿ. ದಪ್ ಅಂತ ಬೀಳಬೇಡಿ, ಕೂರೋ ಆ ನಾಲ್ಕು ಸೆಕೆಂಡಲ್ಲೇ ಸ್ನಾಯುಗೆ ಅರ್ಧ ಕೆಲಸ ಇರೋದು.

8 ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸ್ಕೊಂಡು ಇನ್ನೊಮ್ಮೆ 8. ವಾರಕ್ಕೆ 3 ದಿನ, ನಡುನಡುವೆ ಒಂದು ದಿನ ಬಿಡುವು. ಮೊದಮೊದಲು ತೊಡೆ ಮೇಲೆ ಕೈ ಊರಿದ್ರೂ ಪರವಾಗಿಲ್ಲ. ಸಲೀಸು ಅನ್ಸಿದ ಮೇಲೆ ಕೈ ಬಿಡಿ, ಆಮೇಲೆ ಒಂದು ದಿಂಬು ತೆಗೀರಿ, ಆಮೇಲೆ ಇನ್ನೊಂದು. ಕೈ ಊರದೇ ದಿಂಬಿಲ್ಲದ ಕುರ್ಚಿಯಿಂದ ಎದ್ದ ದಿನ ನಮಗೆ ಮತ್ತೆ ಬರೀರಿ, ಖಂಡಿತ ಬರೀರಿ.

ಪ್ರಶ್ನೆ: ವಯಸ್ಸು 44. ಮೆಟ್ಟಿಲು ಹತ್ತೋವಾಗ ಅಷ್ಟೇನಿಲ್ಲ, ಇಳಿಯೋವಾಗ ಮಂಡಿಚಿಪ್ಪಿನ ಹಿಂದೆ ಚುಚ್ಚಿದ ಹಾಗಾಗತ್ತೆ. ತುಂಬ ಹೊತ್ತು ಕೂತು ಎದ್ದಾಗಲೂ ಹಾಗೇ. ಎಕ್ಸ್‌ರೇ ನಾರ್ಮಲ್. ಲಿಫ್ಟ್ ಬಳಸಿ ಅಂದ್ರು, ಅಷ್ಟೇನಾ?

ಉತ್ತರ: ಅಷ್ಟೇ ಅಲ್ಲ. ನೋವು ಜೋರಿರೋ ಕೆಲವು ದಿನ ಲಿಫ್ಟ್ ಬಳಸಿ, ತಪ್ಪೇನಿಲ್ಲ, ಆದ್ರೆ 44ಕ್ಕೇ ಮೆಟ್ಟಿಲು ಪೂರ್ತಿ ಬಿಟ್ರೆ ಮೆಟ್ಟಿಲಿಗೆ ಬೇಕಾದ ಶಕ್ತಿ ಎಲ್ಲಿಂದ ಬರಬೇಕು?

ಇಳಿಯೋದೇ ಯಾಕೆ ಜಾಸ್ತಿ ನೋವು ಅಂದ್ರೆ, ಇಳಿಯೋವಾಗ ಇಡೀ ದೇಹವನ್ನ ಒಂದು ಬಗ್ಗಿದ ಮಂಡಿ ತಡೆದು ತಡೆದು ಕೆಳಗಿಳಿಸಬೇಕು, ತೊಡೆ ಸ್ನಾಯು ಉದ್ದ ಆಗ್ತಾ ಆಗ್ತಾನೇ ಬಿಗಿ ಹಿಡಿದಿರಬೇಕು. ಸಮತಟ್ಟಾದ ನೆಲದಲ್ಲಿ ನಡೆಯೋವಾಗ ಮಂಡಿ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳತ್ತೆ, ಮೆಟ್ಟಿಲು ಇಳಿಯೋವಾಗ ಅದು ಮೂರು ಪಟ್ಟನ್ನೂ ದಾಟತ್ತೆ. ಮಂಡಿ ಬಗ್ಗಿದಷ್ಟೂ ಚಿಪ್ಪು ಹಿಂದಿನ ಮೂಳೆಗೆ ಒತ್ಕೊಳ್ಳೋದೂ ಜಾಸ್ತಿ. ನೀವು ಹೇಳೋ ಲಕ್ಷಣ, ಇಳಿಯೋವಾಗ ನೋವು, ಕೂತು ಎದ್ದಾಗ ನೋವು, ಎಕ್ಸ್‌ರೇ ನಾರ್ಮಲ್, ಇದೆಲ್ಲ ಚಿಪ್ಪಿನ ಭಾಗದ ನೋವಿಗೆ ಹೊಂದತ್ತೆ, ಒಂದ್ಸಲ ಕೈಯಾರೆ ಪರೀಕ್ಷೆ ಮಾಡೋರಿಗೆ ತೋರ್ಸಿ ಖಚಿತ ಮಾಡ್ಕೊಳ್ಳಿ.

ಮನೇಲಿ ಒಂದು ಪರೀಕ್ಷೆ ಮಾಡಿ ನೋಡಿ. ಉದ್ದ ಕನ್ನಡಿ ಮುಂದೆ, ಚಡ್ಡಿ ಹಾಕ್ಕೊಂಡು ಮಂಡಿ ಕಾಣೋ ಹಾಗೆ, ಒಂದು ಗಿಡ್ಡ ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನ ನಿಧಾನಕ್ಕೆ ಕೆಳಗಿಳಿಸಿ. ಮೇಲೇ ಉಳಿದ ಕಾಲಿನ ಮಂಡಿ ಒಳಗಡೆಗೆ, ಇನ್ನೊಂದು ಕಾಲಿನ ಕಡೆಗೆ ವಾಲತ್ತಾ? ಸೊಂಟದ ಇನ್ನೊಂದು ಪಕ್ಕ ಕೆಳಗೆ ಜಾರತ್ತಾ? ಹಾಗಾದ್ರೆ ಸೊಂಟದ ಪಕ್ಕದ ಸ್ನಾಯು, ಗ್ಲೂಟಿಯಸ್ ಮೀಡಿಯಸ್ ಅನ್ನೋದು, ಸುಸ್ತಾಗಿರೋ ಸಾಧ್ಯತೆ ಇದೆ. ಮಂಡಿ ನೋವಿಗೆ ಸೊಂಟಕ್ಕೆ ಯಾಕೆ ವ್ಯಾಯಾಮ ಅಂತ ಕೇಳ್ತಾರೆ ಜನ, ಕನ್ನಡಿಲಿ ಇದನ್ನ ನೋಡಿದ ಮೇಲೆ ಕೇಳಲ್ಲ.

ಅದಕ್ಕೆ ಪಕ್ಕಕ್ಕೆ ಮಲಗಿ ಕೆಳಗಿನ ಕಾಲು ಮಡಚಿ, ಮೇಲಿನ ಕಾಲು ನೇರ ಇಟ್ಕೊಂಡು ಸ್ವಲ್ಪ ಹಿಂದಕ್ಕೇ ಚಾಚಿ, ಹಿಮ್ಮಡಿಯೇ ಮೊದಲು ಮೇಲೆ ಹೋಗೋ ಹಾಗೆ ಎತ್ತಿ. ಒಂದಡಿ ಎತ್ತಿದ್ರೆ ಸಾಕು, ಜಾಸ್ತಿ ಎತ್ತಕ್ಕೆ ಹೋದ್ರೆ ಸೊಂಟ ಹಿಂದಕ್ಕೆ ಉರುಳಿ ಬೇರೆ ಸ್ನಾಯು ಕೆಲಸ ಮಾಡತ್ತೆ. ಪ್ಯಾಂಟಿನ ಪಕ್ಕದ ಜೇಬು ಇರೋ ಜಾಗ, ಅದಕ್ಕೂ ಸ್ವಲ್ಪ ಹಿಂದೆ, ಅಲ್ಲಿ ಉರಿದ ಹಾಗಾದ್ರೆ ಸರಿಯಾದ ಜಾಗಕ್ಕೇ ಬಂದಿದೀರಿ. 10ರಿಂದ 12 ಸಲ, ಎರಡೂ ಕಡೆ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತೋ ಸೇತುಬಂಧದ ಥರದ ವ್ಯಾಯಾಮಾನೂ ಸೇರಿಸ್ಕೊಳ್ಳಿ, ಅದು ಪೃಷ್ಠಕ್ಕೂ ತೊಡೆ ಹಿಂಭಾಗಕ್ಕೂ ಒಳ್ಳೇದು.

ಎರಡು ಮೂರು ವಾರ ಆದ್ಮೇಲೆ ಮೆಟ್ಟಿಲಿಗೇ ಬನ್ನಿ. ಸುಮಾರು 10 ಸೆಂಟಿಮೀಟರ್ ಎತ್ತರದ, ಅಲ್ಲಾಡದ ಹಲಗೆ ಅಥವಾ ಗಿಡ್ಡ ಮೆಟ್ಟಿಲು ಇದ್ರೆ ಸಾಕು, ಒಂದು ಬೆರಳು ಗೋಡೆಗೆ ತಾಗಿಸಿ ನಿಂತ್ಕೊಳ್ಳಿ. ಒಂದು ಕಾಲನ್ನ ಮುಂದೆ ನಿಧಾನಕ್ಕೆ ಇಳಿಸಿ, ಹಿಮ್ಮಡಿ ನೆಲಕ್ಕೆ ಸೋಕಬೇಕು ಅಷ್ಟೇ, ಭಾರ ಬಿಡಬಾರದು, ಮತ್ತೆ ಮೇಲೆ ಬನ್ನಿ. ಮಂಡಿ ಒಳಕ್ಕೆ ವಾಲಿದ್ರೆ ಎತ್ತರ ಜಾಸ್ತಿ ಆಯ್ತು ಅಂತ ಅರ್ಥ, ಕಮ್ಮಿ ಮಾಡಿ.

ಅಲ್ಲೀವರೆಗೆ ದಿನದ ಮೆಟ್ಟಿಲಿಗೆ ಇದನ್ನ ನೆನಪಿಟ್ಕೊಳ್ಳಿ: ಹತ್ತೋವಾಗ ಚೆನ್ನಾಗಿರೋ ಕಾಲು ಮೊದಲು, ಇಳಿಯೋವಾಗ ನೋವಿರೋ ಕಾಲು ಮೊದಲು, ಕೈ ಕಂಬಿ ಮೇಲೆ. ಹೀಗೆ ಮಾಡಿದ್ರೆ ಎತ್ತೋ ಕೆಲಸ, ಇಳಿಸೋ ಕೆಲಸ ಎರಡೂ ಗಟ್ಟಿ ಕಾಲಿಗೇ ಬೀಳತ್ತೆ.

ಪ್ರಶ್ನೆ: ವ್ಯಾಯಾಮ ಮಾಡೋವಾಗ ನೋವಾಗತ್ತೆ. ನಿಲ್ಲಿಸ್ಬೇಕಾ, ತಡ್ಕೊಂಡು ಮಾಡ್ಬೇಕಾ?

ಉತ್ತರ: ಎರಡೂ ಅಲ್ಲ, ಅಳೀಬೇಕು. ನೋವೇ ಇಲ್ಲದಿದ್ರೆ 0, ತಡೆಯಕ್ಕೇ ಆಗದ್ದು 10 ಅಂತ ಇಟ್ಕೊಳ್ಳಿ. ಮಾಡೋವಾಗ 3ರ ಒಳಗಿದ್ರೆ ಮುಂದುವರಿಸಿ, ಸಾಮಾನ್ಯವಾಗಿ ಯೋಚನೆ ಇಲ್ಲ. 4, 5ಕ್ಕೆ ಹೋದ್ರೆ ಬಾಗೋದು ಕಮ್ಮಿ ಮಾಡಿ, ಅಥವಾ ಎಣಿಕೆ ಇಳಿಸಿ, ಅಥವಾ ಕುರ್ಚಿಗೆ ಇನ್ನೊಂದು ದಿಂಬು ಹಾಕಿ. ಅದಕ್ಕೂ ಮೀರಿದ್ರೆ ಅವತ್ತಿಗೆ ಆ ವ್ಯಾಯಾಮ ಬಿಡಿ.

ಇನ್ನೂ ಮುಖ್ಯ ಅಂದ್ರೆ ಮಾರನೇ ದಿನ. 24 ಗಂಟೆ ಒಳಗೆ ನೋವು ಮೊದಲಿದ್ದ ಮಟ್ಟಕ್ಕೆ ಇಳಿದ್ರೆ ಮಾಡಿದ ಅಳತೆ ಸರಿ ಇದೆ. ಬೆಳಗ್ಗೆ ಎದ್ದಾಗ ಮಂಡಿ ಹಿಂದಿನ ದಿನಕ್ಕಿಂತ ಜಾಸ್ತಿ ಊದಿದ್ರೆ, ಬಿಗಿದಿದ್ರೆ, ಜಾಸ್ತಿ ಆಯ್ತು ಅಂತ, ಮುಂದಿನ ಸಲ ಅರ್ಧ ಮಾಡಿ. ನಿಲ್ಲಿಸ್ಬೇಡಿ, ಅರ್ಧ ಮಾಡಿ. ತೊಡೆ ಸ್ನಾಯು ಒಂದೆರಡು ದಿನ ಮೈಕೈ ನೋವಿನ ಥರ ಹಿಡಿಯೋದು ಬೇರೆ, ಅದು ಹೊಸ ಕೆಲಸ ಕೊಟ್ಟಿದ್ದಕ್ಕೆ ಆಗೋದು, ಅದನ್ನ ಮಂಡಿ ನೋವಿನ ಲೆಕ್ಕಕ್ಕೆ ಸೇರಿಸ್ಬೇಡಿ. ಚಿಕಿತ್ಸೆ ಹೇಗಿರ್ಬೇಕು ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಲೂ ಮಂಡಿ ಸವೆತ ಇರೋರಿಗೆಲ್ಲ ವ್ಯಾಯಾಮ ಹೇಳ್ಬೇಕು, ಶುರುವಲ್ಲಿ ನೋವು ಸ್ವಲ್ಪ ಏರಬಹುದು ಅನ್ನೋದನ್ನೂ ಮೊದಲೇ ತಿಳಿಸ್ಬೇಕು ಅಂತ ಇದೆ. ಈ ಎರಡನೇ ಮಾತನ್ನ ಹೇಳದೇ ಇರೋದ್ರಿಂದಲೇ ಎಷ್ಟೋ ಜನ ಮೊದಲನೇ ವಾರಕ್ಕೇ ಬಿಟ್ಬಿಡ್ತಾರೆ, ನನಗೆ ಬೇಜಾರಾಗೋದು ಅದಕ್ಕೇ.

ಪ್ರಶ್ನೆ: ನನ್ನ ಮಂಡಿ ಊದಿದೆ, ನಿಂತು ಮಾಡೋದು ಯಾವುದೂ ಆಗಲ್ಲ. ಡಾಕ್ಟ್ರು ನೋಡಿ ಗಾಬರಿ ಏನಿಲ್ಲ ಅಂದಿದಾರೆ. ಮಲಗಿದಲ್ಲೇ ಮಾಡೋದು ಏನಾದ್ರೂ ಇದ್ಯಾ?

ಉತ್ತರ: ಇದೆ. ಕಾಲು ಚಾಚಿ ಕೂತ್ಕೊಳ್ಳಿ, ಟವೆಲ್ ಸುತ್ತಿ ಮಂಡಿ ಕೆಳಗಿಡಿ. ಈಗ ಮಂಡಿಯಿಂದ ಟವೆಲನ್ನ ಕೆಳಕ್ಕೆ ಒತ್ತಿ, ಒತ್ತೋವಾಗ ಒಂದು ಕೈಯನ್ನ ಚಿಪ್ಪಿನ ಮೇಲುಗಡೆ ಒಳಪಕ್ಕಕ್ಕೆ ಇಟ್ಟು ನೋಡಿ, ಅಲ್ಲಿ ಹನಿ ಆಕಾರದ ಒಂದು ಸ್ನಾಯು ಇದೆ, ಅದು ಕೈಗೆ ಗಟ್ಟಿಯಾಗಿ ಸಿಗಬೇಕು. ಎಷ್ಟೋ ಜನಕ್ಕೆ ಮೊದಮೊದಲು ಅದು ಮೆತ್ತಗೇ ಇರತ್ತೆ, ಎಷ್ಟು ಒತ್ತಿದ್ರೂ ಏಳಲ್ಲ. ಮೇಲೆ ಹೇಳಿದ್ನಲ್ಲ, ಊತ ಇದ್ದಾಗ ನರ ತಡೆ ಹಾಕತ್ತೆ ಅಂತ, ಕೈಗೆ ಗೊತ್ತಾಗೋದು ಅದೇ. ಇನ್ನೊಂದು ಕಾಲಲ್ಲಿ ಒತ್ತಿ ವ್ಯತ್ಯಾಸ ನೋಡಿ, ಆಮೇಲೆ ಮತ್ತೆ ಪ್ರಯತ್ನಿಸಿ. 5 ಸೆಕೆಂಡ್ ಹಿಡಿದು ಬಿಡಿ, 10 ಸಲ, ದಿನಕ್ಕೆ ಎರಡು ಮೂರು ಹೊತ್ತು. ಉಸಿರು ಕಟ್ಟಬೇಡಿ, ಬಿಪಿ ಇರೋರಂತೂ ಎಣಿಕೆಯನ್ನ ಬಾಯ್ಬಿಟ್ಟು ಹೇಳಿ, ಆಗ ಉಸಿರು ತಾನಾಗೇ ಆಡತ್ತೆ.

ಅದು ಬಂದ್ಮೇಲೆ ಕಾಲು ಎತ್ತೋದು. ಅಂಗಾತ ಮಲಗಿ, ಚೆನ್ನಾಗಿರೋ ಮಂಡಿ ಮಡಚಿ, ನೋವಿರೋ ಕಾಲನ್ನ ನೆಟ್ಟಗೆ ಬಿಗಿ ಮಾಡ್ಕೊಂಡು ಇನ್ನೊಂದು ಮಂಡಿ ಎತ್ತರದವರೆಗೆ ಎತ್ತಿ ನಿಧಾನಕ್ಕೆ ಇಳಿಸಿ. ಎತ್ತೋವಾಗ ಮಂಡಿ ಬಾಗಿದ್ರೆ ಇನ್ನೂ ಟೈಮ್ ಆಗಿಲ್ಲ ಅಂತ, ಟವೆಲ್ ವ್ಯಾಯಾಮಕ್ಕೇ ವಾಪಸ್ ಹೋಗಿ. ಜೊತೆಗೆ ಹಿಮ್ಮಡಿಯನ್ನ ಹಾಸಿಗೆ ಮೇಲೆ ಜಾರಿಸ್ತಾ ಮಂಡಿಯನ್ನ ಆಗೋವಷ್ಟು ಮಡಚಿ ಚಾಚಿ. ಇವೆಲ್ಲ ಆರಂಭ ಮಾತ್ರ, ಇದನ್ನೇ ತಿಂಗಳುಗಟ್ಟಲೆ ಮಾಡ್ತಾ ಇರೋರನ್ನ ನೋಡಿದೀನಿ, ಮಲಗಿ ಮಾಡಿದ್ದರಿಂದ ಕುರ್ಚಿಯಿಂದ ಏಳೋ ಶಕ್ತಿ ಪೂರ್ತಿ ಬರಲ್ಲ, ಊತ ಇಳಿದ ಕೂಡ್ಲೇ ಕುರ್ಚಿಗೆ ಬನ್ನಿ.

ಪ್ರಶ್ನೆ: ಮಂಡಿ ಮಡಚಿದಾಗೆಲ್ಲ ಕಟಕಟ ಅನ್ನತ್ತೆ. ನೋವಿಲ್ಲ. ಒಳಗೆ ಮೂಳೆ ಉಜ್ತಾ ಇದ್ಯಾ?

ಉತ್ತರ: ನೋವಿಲ್ಲ, ಊತ ಇಲ್ಲ, ಮಂಡಿ ಸಿಕ್ಕಾಕೊಳ್ಳಲ್ಲ ಅಂದ್ರೆ ಸದ್ದಿನ ಬಗ್ಗೆ ತಲೆ ಕೆಡಿಸ್ಕೋಬೇಡಿ. ನೋವಿಲ್ಲದ ಎಷ್ಟೋ ಮಂಡಿಗಳು ಸದ್ದು ಮಾಡ್ತಾವೆ. ಸದ್ದಿಗೆ ಹೆದರಿ ಬಾಗೋದು ಬಿಡೋದೇ ಅದಕ್ಕಿಂತ ದೊಡ್ಡ ತೊಂದರೆ.

ಪ್ರಶ್ನೆ: ನೀಕ್ಯಾಪ್ ಹಾಕ್ಕೊಂಡ್ರೆ ಒಳ್ಳೇದಾ? ಕೋಲು ಹಿಡಿಯಕ್ಕೆ ನಾಚಿಕೆ ಆಗತ್ತೆ.

ಉತ್ತರ: ನೀಕ್ಯಾಪ್ ಹಾಕಿದ್ರೆ ಬೆಚ್ಚಗಿರತ್ತೆ, ಸ್ವಲ್ಪ ಧೈರ್ಯ ಬರತ್ತೆ, ಆ ಧೈರ್ಯದಲ್ಲಿ ಜಾಸ್ತಿ ಓಡಾಡ್ತೀರಿ ಅಂದ್ರೆ ಹಾಕ್ಕೊಳ್ಳಿ. ಸ್ನಾಯು ಮಾಡೋ ಕೆಲಸ ಅದು ಮಾಡಲ್ಲ. ಕೋಲು ಮಾತ್ರ ನಿಜವಾಗಿ ಭಾರ ಇಳಿಸತ್ತೆ, ಆದ್ರೆ ನೋವಿರೋ ಕಾಲಿನ ಎದುರು ಕೈಯಲ್ಲಿ ಹಿಡೀಬೇಕು: ಬಲ ಮಂಡಿ ನೋವಾದ್ರೆ ಎಡಗೈಲಿ, ಕೋಲೂ ಬಲಗಾಲೂ ಒಟ್ಟಿಗೇ ಮುಂದೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ನಾಚಿಕೆ ಯಾಕ್ರೀ, ಕುಂಟ್ತಾ ನಡೆದು ಇನ್ನೊಂದು ಮಂಡಿಗೂ ಸೊಂಟಕ್ಕೂ ಭಾರ ಹೊರಿಸೋ ಬದಲು ಕೋಲು ಹಿಡಿದು ನೆಟ್ಟಗೆ ನಡೆಯೋದು ಎಷ್ಟೋ ಮೇಲು.

ಪ್ರಶ್ನೆ: ಮೂರು ವಾರದಿಂದ ತಪ್ಪದೇ ಮಾಡ್ತಿದೀನಿ, ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ಬಿಟ್ಬಿಡ್ಲಾ?

ಉತ್ತರ: ಬಿಡಬೇಡಿ, ನೀವು ಇರೋದು ಸರಿಯಾಗಿ ಬಿಡೋ ಆಸೆ ಬರೋ ಜಾಗದಲ್ಲಿ. ಮೊದಲ ಕೆಲವು ವಾರ ಸ್ನಾಯು ದಪ್ಪ ಆಗಲ್ಲ, ನರಗಳು ಇರೋ ಸ್ನಾಯುವನ್ನೇ ಚೆನ್ನಾಗಿ ಬಳಸೋದನ್ನ ಕಲೀತಾವೆ. ಸ್ನಾಯು ನಿಜವಾಗಿ ಬೆಳೆದು ಗೊತ್ತಾಗಕ್ಕೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಶುರುವಾದ ಗ್ಲಾಡ್ ಅನ್ನೋ ಕಾರ್ಯಕ್ರಮ ಇದೆ, ಮಂಡಿ ಮತ್ತು ಸೊಂಟದ ಸವೆತ ಇರೋರಿಗೆ, ಈಗ ಬೇರೆ ಬೇರೆ ದೇಶಗಳಲ್ಲೂ ನಡೆಯತ್ತೆ. ಅದರಲ್ಲೂ ಮೊದಲು ತಿಳುವಳಿಕೆ ಕೊಟ್ಟು, ಆಮೇಲೆ ವಾರಕ್ಕೆ ಎರಡು ಸಲದ ಹಾಗೆ 6 ವಾರ ಮೇಲ್ವಿಚಾರಣೇಲಿ ವ್ಯಾಯಾಮ ಮಾಡಿಸ್ತಾರೆ. ಅದೇ ಕೆಲಸ ಮಾಡ್ಕೊಂಡಿರೋರೂ 6 ವಾರ ಇಟ್ಟಿರೋವಾಗ ಮೂರಕ್ಕೇ ತೀರ್ಪು ಕೊಡಬೇಡಿ.

ಇನ್ನೊಂದು ಕೇಳ್ತೀನಿ, ಮೊದಲನೇ ದಿನ ಮಾಡಿದ್ದನ್ನೇ ಇವತ್ತೂ ಮಾಡ್ತಿದೀರಾ? ಹಾಗಿದ್ರೆ ಸ್ನಾಯುಗೆ ಬೆಳೆಯೋಕೆ ಕಾರಣವೇ ಇಲ್ಲ. ಕೊನೇ ಎರಡು ಮೂರು ಎಣಿಕೆ ಕಷ್ಟ ಅನ್ನಿಸ್ಬೇಕು, ಮುಖ ಸ್ವಲ್ಪ ಕಿವುಚಬೇಕು. 12 ಸಲ ಸಲೀಸಾದ್ರೆ ಅವತ್ತೇ ಏನಾದ್ರೂ ಒಂದನ್ನ ಬದಲಾಯಿಸಿ: ಕುರ್ಚಿ ತಗ್ಗಿಸಿ, ಕೂರೋದನ್ನ ಇನ್ನೂ ನಿಧಾನ ಮಾಡಿ, ಬ್ಯಾಗಿಗೆ ಒಂದೆರಡು ಪುಸ್ತಕ ತುಂಬಿ ಎದೆಗೆ ಅವುಚ್ಕೊಳ್ಳಿ, ಅಥವಾ ನೋವಿರೋ ಕಾಲನ್ನ ಸ್ವಲ್ಪ ಹಿಂದಿಟ್ಟು ಅದಕ್ಕೇ ಜಾಸ್ತಿ ಪಾಲು ಕೊಡಿ. ಎಲ್ಲ ಒಟ್ಟಿಗೆ ಬೇಡ.

ನೋವನ್ನೇ ಅಳತೆ ಇಟ್ಕೊಂಡ್ರೆ ಒಂದು ದಿನ ಏರತ್ತೆ, ಒಂದು ದಿನ ಇಳಿಯತ್ತೆ, ಮನಸ್ಸು ಕುಗ್ಗತ್ತೆ. ಅದರ ಬದಲು 30 ಸೆಕೆಂಡಲ್ಲಿ ಕೈ ಎದೆ ಮೇಲೆ ಕಟ್ಕೊಂಡು ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರ್ತೀರಿ ಅಂತ ಎಣಿಸಿ ಬರೆದಿಟ್ಕೊಳ್ಳಿ, ಎರಡು ವಾರಕ್ಕೊಮ್ಮೆ. ಈ ಪರೀಕ್ಷೆಯನ್ನ ಫಿಸಿಯೋಗಳೂ ಮಾಡಿಸ್ತಾರೆ. 60ರಿಂದ 64 ವಯಸ್ಸಿನ ಹೆಂಗಸರು 12ಕ್ಕಿಂತ ಕಮ್ಮಿ, ಗಂಡಸರು 14ಕ್ಕಿಂತ ಕಮ್ಮಿ ಮಾಡಿದ್ರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ.

ಪ್ರಶ್ನೆ: ನೆಲದ ಮೇಲೆ ಕೂತ್ರೆ ಏಳೋದೇ ದೊಡ್ಡ ಕೆಲಸ. ಯಾರಾದ್ರೂ ಕೈ ಕೊಡ್ಬೇಕು. ಕೂರೋದೇ ಬಿಡ್ಲಾ?

ಉತ್ತರ: ನೋವಿರೋವಾಗ ತುಂಬ ಹೊತ್ತು ಕಾಲು ಮಡಚಿ ಕೂರೋದು, ಕುಕ್ಕರಗಾಲಲ್ಲಿ ಕೂರೋದು ಕಮ್ಮಿ ಮಾಡಿ, ಪೂರ್ತಿ ಮಡಚಿದ ಮಂಡಿಲಿ ಒತ್ತಡ ಜಾಸ್ತಿ. ಆದ್ರೆ ನೆಲದಿಂದ ಏಳೋದನ್ನ ಮರೀಬಾರದು, ಜಾರಿ ಬಿದ್ದಾಗ ಎದ್ದೇಳಬೇಕಲ್ಲ. ಪಕ್ಕದಲ್ಲಿ ಗಟ್ಟಿ ಕುರ್ಚಿ ಇಟ್ಕೊಂಡು, ಮೊದಲು ಒಂದು ಪಕ್ಕಕ್ಕೆ ತಿರುಗಿ ಕೈ ಊರಿ ಅಂಬೆಗಾಲಿಗೆ ಬನ್ನಿ, ಮಂಡಿ ಕೆಳಗೆ ಮೆತ್ತನೇ ದಿಂಬು ಇರಲಿ. ಕೈಗಳನ್ನ ಕುರ್ಚಿ ಮೇಲಿಡಿ, ಗಟ್ಟಿ ಕಾಲಿನ ಪಾದವನ್ನ ಮುಂದೆ ತಂದು ನೆಲಕ್ಕೆ ಊರಿ, ಮುಂದಕ್ಕೆ ಬಾಗಿ ಆ ಕಾಲಿಂದ ಒತ್ತಿ ಏಳಿ. ಇಳಿಯೋದು ಇದರ ಉಲ್ಟಾ. ಕುರ್ಚಿಯಿಂದ ಏಳೋದು ಸಲೀಸಾದ ಮೇಲೆ ದಿನಕ್ಕೆ ಎರಡು ಮೂರು ಸಲ ಇದನ್ನ ಮಾಡಿ, ಶುರುವಲ್ಲಿ ಯಾರಾದ್ರೂ ಹತ್ತಿರ ಇರಲಿ.

ಪ್ರಶ್ನೆ: ದಿನಾ ವಾಕಿಂಗ್ ಹೋಗ್ತೀನಿ, ಅದೇ ಸಾಕಲ್ವಾ? ತೂಕಾನೂ ಸ್ವಲ್ಪ ಜಾಸ್ತಿ ಇದೆ.

ಉತ್ತರ: ವಾಕಿಂಗ್ ಬಿಡಬೇಡಿ, ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ಎಲ್ಲಕ್ಕೂ ಒಳ್ಳೇದು. ಆದ್ರೆ ಸಮತಟ್ಟು ನೆಲದಲ್ಲಿ ನಡೆಯೋವಾಗ ಮಂಡಿ ಬಾಗೋದು ಕಮ್ಮಿ, ತೊಡೆ ಸ್ನಾಯುಗೆ ಅದು ದೊಡ್ಡ ಕೆಲಸ ಅಲ್ಲ, ಅದಕ್ಕೇ ದಿನಾ ಕಿಲೋಮೀಟರ್‌ಗಟ್ಟಲೆ ನಡೆಯೋರಿಗೂ ಮೆಟ್ಟಿಲಲ್ಲಿ ಕಷ್ಟ ಆಗೋದು. ವಾಕಿಂಗೂ ಇರಲಿ, ವಾರಕ್ಕೆ ಎರಡು ಮೂರು ದಿನ ಶಕ್ತಿ ವ್ಯಾಯಾಮಾನೂ ಇರಲಿ. ತೂಕದ ವಿಷಯಕ್ಕೆ ಬಂದ್ರೆ, 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೂಕ ಜಾಸ್ತಿ ಇದ್ದು ಮಂಡಿ ಸವೆತ ಇದ್ದವರಲ್ಲಿ ಇಳಿದ ಒಂದೊಂದು ಕಿಲೋಗೂ ಪ್ರತಿ ಹೆಜ್ಜೇಲಿ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಕಮ್ಮಿ ಆಗಿದ್ದು ಕಂಡಿತ್ತು. ದಿನಕ್ಕೆ ಸಾವಿರಾರು ಹೆಜ್ಜೆ ಹಾಕ್ತೀವಿ, ಹಾಗಾಗಿ ಎರಡು ಮೂರು ಕಿಲೋ ಇಳಿದ್ರೂ ಸಣ್ಣ ಮಾತಲ್ಲ.

ಪ್ರಶ್ನೆ: ಸಣ್ಣ ತೂತು ಹಾಕಿ ಮಂಡಿ ಒಳಗೆ ಕ್ಲೀನ್ ಮಾಡ್ತಾರಂತೆ, ಆಮೇಲೆ ವ್ಯಾಯಾಮ ಎಲ್ಲ ಬೇಡ ಅಂತ ಪರಿಚಯದವರು ಹೇಳಿದ್ರು. ಹೌದಾ?

ಉತ್ತರ: ಸವೆತದ ನೋವಿಗೆ ಅಂತಾದ್ರೆ, ನಾನು ಒಪ್ಪಲ್ಲ. 2002ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಮಂಡಿ ಸವೆತ ಇದ್ದ 180 ಜನರಲ್ಲಿ ಕೆಲವರಿಗೆ ಆರ್ತ್ರೋಸ್ಕೋಪಿಲಿ ಒಳಗೆ ಕೆರೆದು ಸರಿ ಮಾಡಿದ್ರು, ಕೆಲವರಿಗೆ ಬರೀ ತೊಳೆದ್ರು, ಇನ್ನು ಕೆಲವರಿಗೆ ಚರ್ಮ ಮಾತ್ರ ಕುಯ್ದು ಒಳಗೆ ಏನೂ ಮಾಡದೇ ಹೊಲಿಗೆ ಹಾಕಿದ್ರು, ಯಾರಿಗೆ ಏನು ಮಾಡಿದ್ದು ಅಂತ ರೋಗಿಗಳಿಗೆ ತಿಳಿಸಿರಲಿಲ್ಲ. ಎರಡು ವರ್ಷ ನೋಡಿದ್ರೂ ಆಪರೇಷನ್ ಆದವರ ನೋವು, ಓಡಾಟ ಸುಳ್ಳು ಆಪರೇಷನ್ ಆದವರಿಗಿಂತ ಚೆನ್ನಾಗೇನೂ ಇರಲಿಲ್ಲ. ಪೆಟ್ಟು ಬಿದ್ದು ಮಂಡಿ ನಿಜವಾಗಿ ಲಾಕ್ ಆಗಿರೋದು, ಅಥವಾ ಸವೆತ ತೀರಾ ಮುಂದುವರಿದು ಮಂಡಿ ಬದಲಾಯಿಸೋದು, ಅವು ಬೇರೆ ಮಾತು, ಅವಕ್ಕೆ ಆಪರೇಷನ್ನೇ ಬೇಕಾಗಬಹುದು. ಆಗಲೂ ಮುಂಚೆ, ಆಮೇಲೆ ವ್ಯಾಯಾಮ ತಪ್ಪಲ್ಲ.

ಪ್ರಶ್ನೆ: ಯಾವಾಗ ಮನೇಲಿ ಮಾಡೋದು ಬಿಟ್ಟು ಡಾಕ್ಟ್ರ ಹತ್ರ ಹೋಗ್ಬೇಕು?

ಉತ್ತರ: ಮಂಡಿ ಬಿಸಿಯಾಗಿ ಕೆಂಪಾಗಿ ಊದಿ ಜ್ವರಾನೂ ಇದ್ರೆ ಅವತ್ತೇ ಹೋಗಿ, ಕೀಲಿಗೆ ಸೋಂಕಾಗಿದ್ರೆ ಕಾಯೋ ಹಾಗಿಲ್ಲ. ಬಿದ್ದೋ ತಿರುಚಿಯೋ ಆದ್ಮೇಲೆ ನಾಲ್ಕು ಹೆಜ್ಜೆನೂ ಇಡಕ್ಕಾಗದಿದ್ರೆ, ಮಂಡಿ ಮಧ್ಯದಲ್ಲೇ ಸಿಕ್ಕಾಕೊಂಡು ಚಾಚಕ್ಕೆ ಬರದಿದ್ರೆ, ನಡೀತಾ ನಡೀತಾ ಕುಸಿದ್ರೆ ತೋರ್ಸಿ. ಒಂದೇ ಕಡೆ ಮೀನಖಂಡ ಊದಿ ನೋತ್ರೆ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೆ ತಿಕ್ಕೋದು, ವ್ಯಾಯಾಮ ಯಾವುದೂ ಮಾಡ್ದೇ ತಕ್ಷಣ ಹೋಗಿ. ಜೊತೆಗೆ ಉಸಿರಾಟದ ತೊಂದರೆ, ಎದೆ ನೋವು ಬಂದ್ರೆ ತುರ್ತು ಚಿಕಿತ್ಸೆಗೇ ಓಡಿ. ರಾತ್ರಿ ಸುಮ್ನೆ ಮಲಗಿದ್ದಾಗಲೂ ಬಿಡದೇ ಕಾಡೋ ನೋವನ್ನೂ ತೋರ್ಸಬೇಕು. ಇನ್ನು ಎಷ್ಟು ಪರೀಕ್ಷೆ ಮಾಡಿದ್ರೂ ಮಂಡೀಲಿ ಏನೂ ಸಿಗ್ತಿಲ್ಲ, ತೊಡೆಸಂದಿಯಲ್ಲೂ ಬಿಗಿತ ಇದೆ ಅಂದ್ರೆ ಸೊಂಟದ ಕೀಲನ್ನೂ ನೋಡಿಸಿ, ಅಲ್ಲಿನ ತೊಂದರೆ ಮಂಡೀಲಿ ನೋವಾಗಿ ಕಾಣಿಸ್ಕೊಳ್ಳೋದು ಉಂಟು.

ಪ್ರಶ್ನೆ: ನಮ್ಮ ತಂದೆಗೆ 81. ಈ ವಯಸ್ಸಲ್ಲಿ ಶಕ್ತಿ ವ್ಯಾಯಾಮ ಮಾಡ್ಸಿದ್ರೆ ಏನಾದ್ರೂ ಪ್ರಯೋಜನ ಇದ್ಯಾ, ಸುಮ್ನೆ ಅವರಿಗೆ ಹಿಂಸೆ ಕೊಟ್ಟ ಹಾಗಾಗಲ್ವಾ?

ಉತ್ತರ: ಪ್ರಯೋಜನ ಖಂಡಿತ ಇದೆ. 1990ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ವೃದ್ಧಾಶ್ರಮದಂಥ ಕಡೆ ಇದ್ದ, 90ರ ಆಸುಪಾಸಿನ 10 ಜನಕ್ಕೆ 8 ವಾರ ತೊಡೆಗೆ ಭಾರ ಎತ್ತಿಸಿದ್ರು, ಮೆಲ್ಲಗೆ ಅಲ್ಲ, ಸಾಕಷ್ಟು ಭಾರನೇ, ಹತ್ತಿರ ನಿಂತು ನೋಡ್ಕೊಂಡು. ಪೂರ್ತಿ ಮಾಡಿದವರ ತೊಡೆ ಶಕ್ತಿ ಸರಾಸರಿ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು, ನಡಿಗೆ ವೇಗಾನೂ ಸುಧಾರಿಸ್ತು. 90ರಲ್ಲಿ ಆಗೋದು 81ರಲ್ಲಿ ಯಾಕಾಗಲ್ಲ?

ಅವರ ಹೃದಯ, ಬಿಪಿ, ತಲೆಸುತ್ತು ಇದೆಯಾ ಅನ್ನೋದನ್ನ ಮೊದಲು ಡಾಕ್ಟ್ರ ಹತ್ರ ಕೇಳಿ. ಆಮೇಲೆ ಎತ್ತರದ ಕುರ್ಚಿ, ಮುಂದೆ ಗಟ್ಟಿ ಮೇಜು, ಪಕ್ಕದಲ್ಲಿ ನೀವು. ಕಾಲಲ್ಲಿ ಜಾರದ ಚಪ್ಪಲಿ ಅಥವಾ ಶೂ ಇರಲಿ, ಬರೀ ಸಾಕ್ಸ್ ಬೇಡ. ಶುರುವಲ್ಲಿ 5 ಸಲ ಎದ್ದು ಕೂರಲಿ, ಮೇಜು ಹಿಡಿದು 5 ಸಲ ಹಿಮ್ಮಡಿ ಎತ್ತಲಿ, ಅಷ್ಟೇ ಸಾಕು. ನೀವು ಅವರ ಕಂಕುಳಿಗೆ ಕೈ ಹಾಕಿ ಎಬ್ಬಿಸ್ಬೇಡಿ, ಅದು ನೀವು ಮಾಡಿದ ವ್ಯಾಯಾಮ ಆಗತ್ತೆ ಮತ್ತು ಅವರ ಭುಜಕ್ಕೂ ಒಳ್ಳೇದಲ್ಲ. ಏಳಕ್ಕೆ ಎರಡು ಸಲ ಪ್ರಯತ್ನ ಮಾಡ್ಬೇಕಾಗಿ ಬಂದ್ರೆ ಮಾಡ್ಲಿ, ಟೈಮ್ ಕೊಡಿ, ಇನ್ನೊಂದು ದಿಂಬು ಹಾಕಿ. ಮತ್ತೆ ದಿನದಲ್ಲಿ ಬೇರೆ ಹೊತ್ತಲ್ಲೂ, ನೀರು ತಂದ್ಕೊಡೋದು, ಫೋನ್ ತಂದ್ಕೊಡೋದು ಇವನ್ನೆಲ್ಲ ನೀವೇ ಮಾಡ್ಬಿಡಬೇಡಿ, ಅವರೇ ಎದ್ದು ಹೋಗಿ ತಗೊಳ್ಲಿ.